ಅರ್ಧ ಗಂಟೆ ಓಡಿ ತಾನಾಗಿ ನಿಲ್ಲುವ ಎಂಜಿನ್: ಮುಂದೆ ಏನು ಬದಲಾಯಿಸಲಿ?

ನಿಧಾನಗತಿ:

ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್, ಮೀಟರಿನಲ್ಲಿ 1,40,000 ಕಿ.ಮೀ. ದಾಟಿದೆ. ಎರಡು ತಿಂಗಳಿಂದ ಒಂದೇ ಕಾಟ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ಮೂವತ್ತು ನಲವತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ, ಆಮೇಲೆ ನಡುರಸ್ತೆಯಲ್ಲಿ ನಿಂತುಹೋಗುತ್ತದೆ. ಆಗ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಗಿರಗಿರ ತಿರುಗುತ್ತದೆಯೇ ಹೊರತು ಸ್ಟಾರ್ಟ್ ಹಿಡಿಯುವುದಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಓಡುತ್ತದೆ.

ಇದುವರೆಗೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಕಳೆದ ವಾರ ಬ್ಯಾಟರಿ, ಇಷ್ಟನ್ನೂ ಬದಲಾಯಿಸಿದ್ದಾಯಿತು. ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಚಾಲೂ ಇಟ್ಟರೂ ನಿಲ್ಲುವುದಿಲ್ಲ; ವೈದ್ಯರ ಎದುರು ಕೂತ ಕೂಡಲೇ ಹಲ್ಲುನೋವು ಮಾಯವಾಗುವ ಹಾಗೆ. ಎಂಜಿನ್ ದೀಪವೂ ಹತ್ತಿಲ್ಲ. ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಸಣ್ಣ ದೋಷವಿದೆ: ಪೆಟ್ರೋಲ್ ಮುಳ್ಳು ಓಡುವಾಗ ಒಂದು ತೋರಿಸುತ್ತದೆ, ನಿಲ್ಲಿಸಿದಾಗ ಇನ್ನೊಂದು. ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ.

ಮುಂದೆ ಏನು ಬದಲಾಯಿಸಲಿ?

ಎರಡನೇ ಗೇರ್:

ಕ್ರ್ಯಾಂಕ್ ಸೆನ್ಸರ್, ಎಂಜಿನ್ ತಿರುಗುವುದನ್ನು ಗಮನಿಸುವ ಸೆನ್ಸರ್. ಯೋಚನೆಯೇ ಬೇಡ. ನನ್ನ ಕಾರಿನಲ್ಲೂ ಹೀಗೇ ಆಗಿತ್ತು: ಬಿಸಿಯಾದರೆ ಬಂದ್, ತಣ್ಣಗಾದರೆ ಚಾಲೂ. ಒಂದು ಬೋಲ್ಟ್ ಬಿಚ್ಚಿ ಹೊಸ ಸೆನ್ಸರ್ ಹಾಕಿದೆ, ಮುಗಿಯಿತು.

ಹಳೆ ಸ್ಪ್ಯಾನರ್:

ಯೋಚನೆ ಬೇಡ ಎಂದುಕೊಂಡೇ ಇವರು ನಾಲ್ಕು ಭಾಗ ಬದಲಾಯಿಸಿದ್ದಾರೆ, ಐದನೆಯದಕ್ಕೆ ಅವಸರ ಏಕೆ? ಕ್ರ್ಯಾಂಕ್ ಸೆನ್ಸರ್ ಆಗಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಬಿಸಿಗೆ ಕೆಟ್ಟು ತಂಪಿಗೆ ಸರಿಹೋಗುವುದು ಅದರ ಹಳೆಯ ಚಾಳಿ. ಒಳಗಿನ ಸುರುಳಿಯ ತಂತಿಯಲ್ಲಿ ಕೂದಲೆಳೆಯ ಬಿರುಕು ಇದ್ದರೆ ಬಿಸಿಗೆ ಅದು ಬಾಯಿ ಬಿಡುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ. ಆದರೆ ಪೆಟ್ರೋಲ್ ಪಂಪ್ ಕೂಡ ಹಾಗೇ ಆಡುತ್ತದೆ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಹಾಗೇ ಆಡುತ್ತದೆ. ಒಳಗೆ ಬೆಸುಗೆ ಬಿರುಕು ಬಿಟ್ಟ ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಅಂತೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೈಕೊಟ್ಟು ಕಿಟಕಿ ತೆರೆದು ಗಾಳಿಯಾಡಿಸಿದರೆ ಸರಿಹೋಗುತ್ತದೆ. ನಾನೇ ಅಂಥ ರಿಲೇ ಬಿಚ್ಚಿ ಬೆಸುಗೆ ಹಾಕಿದ್ದೇನೆ, ಅದರ ಪಿನ್ನಿನ ಸುತ್ತ ಉಗುರಿನ ಅಂಚಿನಂಥ ಕಪ್ಪು ಗೆರೆ ಕಾಣುತ್ತದೆ.

ಏನು ಬದಲಾಯಿಸಲಿ ಎಂಬುದನ್ನು ಸದ್ಯಕ್ಕೆ ಬಿಡಿ. ಕಾರು ಹೇಗೆ ನಿಲ್ಲುತ್ತದೆ ಎಂದು ಹೇಳಿ. ನಿಂತಿತು ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಕೀ ತಿರುಗಿಸಿ ಆಫ್ ಮಾಡಿದಂತೆ ಒಂದೇ ಏಟಿಗೆ ಸತ್ತರೆ ಅದು ಹೆಚ್ಚಾಗಿ ಕರೆಂಟಿನ ಕತೆ: ಸೆನ್ಸರ್, ರಿಲೇ, ಇಗ್ನಿಷನ್ ಸ್ವಿಚ್. ತಡವರಿಸಿ, ಜಗ್ಗಿ, ಪಿಕಪ್ ಕಳೆದುಕೊಂಡು, ಉಸಿರುಗಟ್ಟಿದಂತೆ ಸತ್ತರೆ ಪೆಟ್ರೋಲ್ ಸಾಲುತ್ತಿಲ್ಲ. ಓಡುವಾಗ ಏನೂ ಇಲ್ಲದೆ ಬ್ರೇಕ್ ಒತ್ತಿ ನಿಲ್ಲುವಾಗ ಮಾತ್ರ ನಡುಗಿ ಆರಿದರೆ ಗಾಳಿಯ ಲೆಕ್ಕ ತಪ್ಪಿದೆ: ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ, ಐಡಲ್ (ನಿಂತಲ್ಲೇ ಓಡುವ ವೇಗ) ಕಾಯುವ ವಾಲ್ವ್, ಎಲ್ಲೋ ಬಿರುಕುಬಿಟ್ಟ ವ್ಯಾಕ್ಯೂಮ್ ಕೊಳವೆ. ಇದು ಕಲ್ಲಿನ ಮೇಲೆ ಕೊರೆದ ನಿಯಮವಲ್ಲ, ಆದರೆ ಹತ್ತು ಅನುಮಾನಗಳನ್ನು ಮೂರಕ್ಕೆ ಇಳಿಸುತ್ತದೆ.

ಇನ್ನು ಎರಡು ಪರೀಕ್ಷೆ, ಎರಡಕ್ಕೂ ಪಾನಾ ಬೇಡ. ಮೊದಲನೆಯದು: ಮುಂದಿನ ಸಲ ನಿಂತಾಗ ಕಾರು ಇನ್ನೂ ಉರುಳುತ್ತಿರುವಾಗಲೇ, ಹಿಂದೆ ವಾಹನಗಳಿಲ್ಲದಿದ್ದರೆ, ಕ್ಲಚ್ ಒತ್ತದೆ ಗೇರಿನಲ್ಲೇ ಬಿಟ್ಟು ಆರ್‌ಪಿಎಂ ಮುಳ್ಳು ನೋಡಿ. ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಮುಳ್ಳು ಧೊಪ್ಪನೆ ಸೊನ್ನೆಗೆ ಬಿದ್ದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಎಂಜಿನ್ ತಿರುಗುತ್ತಿರುವುದೇ ಕಾಣುತ್ತಿಲ್ಲ; ಎರಡನೇ ಗೇರ್ ಅವರ ಮಾತು ಗೆದ್ದಂತೆ. ವೇಗಕ್ಕೆ ತಕ್ಕಂತೆ ಮುಳ್ಳು ನಿಧಾನವಾಗಿ ಇಳಿದರೆ ಸೆನ್ಸರ್ ಬದುಕಿದೆ. ಎರಡನೆಯದು: ಪಕ್ಕಕ್ಕೆ ನಿಲ್ಲಿಸಿದ ಮೇಲೆ ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಸುಮಾರು ಎರಡು ಸೆಕೆಂಡ್ ಗುಂಯ್ ಎಂಬ ಸದ್ದು ಬರಬೇಕು, ಅದು ಟ್ಯಾಂಕಿನೊಳಗಿನ ಪಂಪ್. ಈಗ, ಸರಿ ಇರುವಾಗಲೇ, ಒಮ್ಮೆ ಕೇಳಿಟ್ಟುಕೊಳ್ಳಿ. ಸರಿಯಾದ ಸದ್ದು ಗೊತ್ತಿಲ್ಲದವರಿಗೆ ಕೆಟ್ಟ ಸದ್ದು ಗೊತ್ತಾಗುವುದಿಲ್ಲ.

ಹಿಂದಿನ ಸೀಟು:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಓಡುವಾಗ ಎಂಜಿನ್ ನಿಂತರೆ ಬ್ರೇಕ್ ಹಿಡಿಯುವುದಿಲ್ಲ ಎನ್ನುತ್ತಾರೆ, ನಿಜವೇ? ನನ್ನದು ಆಟೊಮ್ಯಾಟಿಕ್. ಅದರಲ್ಲಿ ಈ ಆರ್‌ಪಿಎಂ ಪರೀಕ್ಷೆ ಆಗುತ್ತದೆಯೇ?

ಹಳೆ ಸ್ಪ್ಯಾನರ್:

ಬ್ರೇಕ್ ಹಿಡಿಯುತ್ತದೆ. ಪೆಡಲಿಗೆ ಬಲ ಕೊಡುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ವ್ಯಾಕ್ಯೂಮ್ ಉಳಿದಿರುತ್ತದೆ. ಅದನ್ನು ಪಟಪಟ ಒತ್ತಿ ಖಾಲಿ ಮಾಡಬೇಡಿ, ಒಂದೇ ಸಲ ಬಿಗಿಯಾಗಿ ಒತ್ತಿ ಹಿಡಿಯಿರಿ. ಅದು ಮುಗಿದ ಮೇಲೂ ಬ್ರೇಕ್ ಇರುತ್ತದೆ, ಆದರೆ ಪೆಡಲ್ ಕಲ್ಲಿನಂತಾಗಿ ಕಾಲಿನ ಬಲವೆಲ್ಲ ಬೇಕಾಗುತ್ತದೆ. ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಗಾಬರಿಯಲ್ಲಿ ಕೀ ಮಾತ್ರ ಹೊರಗೆ ಎಳೆಯಬೇಡಿ, ಸ್ಟಿಯರಿಂಗ್ ಲಾಕ್ ಬಿದ್ದರೆ ಮುಗಿಯಿತು.

ಆಟೊಮ್ಯಾಟಿಕ್‌ನಲ್ಲಿ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ ಎಂದು ನಂಬಿ ಕೂರಲಾಗದು. ಅಲ್ಲಿ ಇಸಿಯುನ ಅಂಕಿಗಳನ್ನು ಓದುವ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡಿ. 200ರ ಆಸುಪಾಸು ತೋರಿಸಿದರೆ ಸೆನ್ಸರ್ ಮಾತನಾಡುತ್ತಿದೆ, ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಇಲ್ಲ. ಇನ್ನೊಂದು: ಆಟೊಮ್ಯಾಟಿಕ್ ಕಾರು ಬ್ರೇಕ್ ಒತ್ತಿ ನಿಲ್ಲುವಾಗಲೆಲ್ಲ ಆರಿ, ಅದಕ್ಕೆ ಮೊದಲೇ ನ್ಯೂಟ್ರಲ್‌ಗೆ ತಂದರೆ ಆರದಿದ್ದರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರಿನೊಳಗಿನ ಕ್ಲಚ್ ಬಿಡುತ್ತಿಲ್ಲವೆಂದು ಅನುಮಾನಿಸಿ. ಕ್ಲಚ್ ಒತ್ತದೆ ಬ್ರೇಕ್ ಹಾಕಿದರೆ ಮ್ಯಾನುವಲ್ ಕಾರು ಆರುವುದಿಲ್ಲವೇ, ಇದೂ ಅದೇ.

ಚೋಕ್ ಎಳೆದವರು:

ಬಿಸಿಯಾಗಿ ನಿಲ್ಲುವುದು ಎಂದ ಕೂಡಲೇ ನನಗೆ ಕಾರ್ಬುರೇಟರ್ ಕಾಲ ನೆನಪಾಗುತ್ತದೆ. ಆಗ ಪಂಪ್ ಎಂಜಿನ್ನಿನ ಮೈಗೇ ಅಂಟಿಕೊಂಡು ಟ್ಯಾಂಕಿನಿಂದ ಪೆಟ್ರೋಲ್ ಹೀರುತ್ತಿತ್ತು. ಏರು ಹತ್ತಿ ನಿಲ್ಲಿಸಿದರೆ ಕೊಳವೆಯಲ್ಲೇ ಪೆಟ್ರೋಲ್ ಕುದಿದು ಆವಿಯಾಗಿ, ಪಂಪ್ ಗಾಳಿಯನ್ನು ಹೀರಿದಂತೆ ಹೀರುತ್ತಾ ಕೂರುತ್ತಿತ್ತು. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿದರೆ ಹತ್ತು ನಿಮಿಷದಲ್ಲಿ ಗಾಡಿ ಹೊರಡುತ್ತಿತ್ತು. ನಿಧಾನಗತಿ ಅವರೇ, ಒದ್ದೆ ಬಟ್ಟೆ ಹಾಕಿ ನೋಡಿದಿರಾ?

ಹಳೆ ಸ್ಪ್ಯಾನರ್:

ಹಿರಿಯರೇ, ಇವರ ಕಾರಿನಲ್ಲಿ ಬಟ್ಟೆ ಸುತ್ತುವುದಕ್ಕೆ ಬಾನೆಟ್ ಕೆಳಗೆ ಪಂಪೇ ಇಲ್ಲ! ಅದು ಟ್ಯಾಂಕಿನಲ್ಲಿ ಮುಳುಗಿ ಸುಮಾರು ಮೂರರಿಂದ ನಾಲ್ಕು ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಅಷ್ಟು ಒತ್ತಡದಲ್ಲಿ ಕೊಳವೆಯೊಳಗೆ ಕುದಿಯುವುದು ಅಪರೂಪ. ಒದ್ದೆ ಬಟ್ಟೆಯನ್ನು ಕ್ರ್ಯಾಂಕ್ ಸೆನ್ಸರಿಗೆ ಹಾಕಿ ನೋಡುವವರಿದ್ದಾರೆ, ಆ ಮಟ್ಟಿಗೆ ನಿಮ್ಮ ವಿದ್ಯೆ ಇನ್ನೂ ಬದುಕಿದೆ.

ನಿಧಾನಗತಿ (ನಾಲ್ಕು ದಿನಗಳ ನಂತರ):

ನಿಂತಿತು! ಕಾರು ನಿಂತದ್ದಕ್ಕೆ ಖುಷಿಪಟ್ಟದ್ದು ಇದೇ ಮೊದಲು.

ಹೊರಟು ಮೂವತ್ತೈದು ನಿಮಿಷವಾಗಿತ್ತು. ಗಮನವಿಟ್ಟು ಓಡಿಸಿದ್ದರಿಂದ ಗೊತ್ತಾಯಿತು, ಇದು ಒಂದೇ ಏಟಿಗೆ ಸಾಯುವುದಲ್ಲ. ನಿಲ್ಲುವುದಕ್ಕೆ ಎರಡು ನಿಮಿಷ ಮೊದಲೇ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ಯಾರೋ ಹಗ್ಗ ಹಾಕಿ ಎಳೆದ ಹಾಗೆ ಆಗುತ್ತಿತ್ತು. ಕಾಲು ಸಡಿಲಿಸಿದರೆ ಸರಿಹೋಗುತ್ತಿತ್ತು. ಆಮೇಲೆ ಮೂರು ನಾಲ್ಕು ಸಲ ಜಗ್ಗಿ ಆರಿತು. ಮೂರನೇ ಗೇರಿನಲ್ಲೇ ಬಿಟ್ಟೆ. ಆರ್‌ಪಿಎಂ ಮುಳ್ಳು ಸೊನ್ನೆಗೆ ಬೀಳಲಿಲ್ಲ, ಕಾರಿನ ವೇಗದ ಜೊತೆಜೊತೆಗೆ ಇಳಿಯಿತು.

ಪಕ್ಕಕ್ಕೆ ಹಾಕಿ ಕೀ ಆನ್ ಮಾಡಿ ಕಿವಿಗೊಟ್ಟೆ. ಮನೆಯಲ್ಲಿ ಕೇಳಿದ ಗುಂಯ್ ಇಲ್ಲ. ಸೀಟಿಗೆ ಕಿವಿ ಆನಿಸಿದಾಗ ಸೊಳ್ಳೆಯಷ್ಟು ಸದ್ದು, ಅದೂ ನನ್ನ ಭ್ರಮೆಯೋ ಏನೋ. ಇಪ್ಪತ್ತು ನಿಮಿಷದ ಮೇಲೆ ಕೀ ತಿರುಗಿಸಿದರೆ ಗುಂಯ್ ಎಂದು ಸ್ಪಷ್ಟವಾಗಿ ಕೇಳಿತು, ಕಾರು ಹೊರಟಿತು.

ಎರಡನೇ ಗೇರ್:

ಸರಿ, ಸೆನ್ಸರ್ ಅಲ್ಲ, ಒಪ್ಪಿದೆ. ಹಾಗಾದರೆ ಪಂಪ್ ಹೋಗಿದೆ. ಪಂಪ್ ಬದಲಾಯಿಸಿ.

ತಂತಿಜಾಲ:

ಪಂಪಿಗೆ ಕೈ ಹಾಕಬೇಡಿ, ಒಂದು ನಿಮಿಷ ನಿಲ್ಲಿ.

ನಾನು ವಾಹನಗಳ ವೈರಿಂಗ್ ಕೆಲಸ ಮಾಡುವವನು, ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಮೊದಲ ಸಂದೇಶದಲ್ಲೇ ನಿಧಾನಗತಿ ಅವರು ಒಂದು ಮಾತು ಬರೆದು, ತಾವೇ ಅದನ್ನು ಸಂಬಂಧವಿಲ್ಲದ್ದು ಎಂದು ಪಕ್ಕಕ್ಕೆ ಸರಿಸಿದ್ದಾರೆ. ಪೆಟ್ರೋಲ್ ಮುಳ್ಳು ಓಡುವಾಗ ಒಂದು, ನಿಂತಾಗ ಇನ್ನೊಂದು ತೋರಿಸುತ್ತದೆ ಎಂದು. ಟ್ಯಾಂಕಿನೊಳಗೆ ಪಂಪ್ ಮತ್ತು ಪೆಟ್ರೋಲ್ ಮಟ್ಟ ಅಳೆಯುವ ತೇಲುಬುಡ್ಡೆ ಹೆಚ್ಚಾಗಿ ಒಂದೇ ಜೋಡಣೆಯಲ್ಲಿರುತ್ತವೆ. ಹಲವು ಕಾರುಗಳಲ್ಲಿ ಎರಡರ ಅರ್ಥ್ ತಂತಿಯೂ ಒಂದೇ ಬೋಲ್ಟಿಗೆ ಬರುತ್ತದೆ. ಆ ಬೋಲ್ಟಿನಲ್ಲಿ ತುಕ್ಕು ಹಿಡಿದಿದ್ದರೆ ಪಂಪಿನ ಕರೆಂಟ್ ಹಿಂದಿರುಗುವ ದಾರಿಯಲ್ಲಿ ತಡೆ ಬರುತ್ತದೆ, ಅಲ್ಲಿ ಒಂದಿಷ್ಟು ವೋಲ್ಟ್ ಸೋರಿಹೋಗುತ್ತದೆ. ಅದೇ ದಾರಿ ಹಿಡಿದಿರುವ ಮುಳ್ಳು ಸುಳ್ಳು ಹೇಳತೊಡಗುತ್ತದೆ. ಪಂಪ್ ಓಡದಿದ್ದಾಗ ಆ ಬೋಲ್ಟಿನ ಮೂಲಕ ಹೆಚ್ಚು ಕರೆಂಟ್ ಹರಿಯುವುದಿಲ್ಲ, ಮುಳ್ಳು ನಿಜ ಹೇಳುತ್ತದೆ.

ಇದನ್ನು ಈಗಲೇ ನೋಡಬಹುದು. ಎಂಜಿನ್ ಚಾಲೂ ಮಾಡಿ ಮುಳ್ಳನ್ನು ಗುರುತು ಮಾಡಿಕೊಳ್ಳಿ. ಎಂಜಿನ್ ಆಫ್ ಮಾಡಿ, ಕೀ ಮಾತ್ರ ಮತ್ತೆ ಆನ್ ಮಾಡಿ, ಪಂಪಿನ ಎರಡು ಸೆಕೆಂಡ್ ಕಳೆಯಲು ಬಿಡಿ, ಮುಳ್ಳು ನಿಧಾನವಾಗಿ ಏಳುವುದರಿಂದ ಒಂದು ನಿಮಿಷ ಕೊಡಿ. ಕಾರು ಸಮನಾದ ನೆಲದ ಮೇಲಿರಲಿ. ಎರಡು ಜಾಗಗಳ ನಡುವೆ ಗೆರೆಯಷ್ಟು ಅಂತರವಿದ್ದರೆ ಪಂಪ್ ಕೊಳ್ಳುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ.

ಇನ್ನೊಂದು ಮಾತು. ಕಳೆದ ವಾರ ಬ್ಯಾಟರಿ ಬದಲಾಯಿಸಿದಾಗ ಇಸಿಯುನಲ್ಲಿದ್ದ ಸಾಕ್ಷ್ಯವನ್ನೂ ಅಳಿಸಿಹಾಕಿದ್ದೀರಿ. ದೀಪ ಹತ್ತದಿದ್ದರೂ ಒಳಗೆ ದೋಷದ ಟಿಪ್ಪಣಿ ಇರುತ್ತದೆ. ಹಲವು ದೋಷಗಳು ಒಂದು ಓಟದಲ್ಲಿ ಕಂಡರೆ ಬಾಕಿ ಎಂದು ಬರೆದಿಟ್ಟುಕೊಂಡು, ಮತ್ತೊಂದು ಓಟದಲ್ಲೂ ಕಂಡರೆ ಮಾತ್ರ ದೀಪ ಹತ್ತಿಸುತ್ತವೆ. ಒಂದು ಸ್ಕ್ಯಾನರ್ ಎರವಲು ಸಿಕ್ಕರೆ ಬಾಕಿ ಕೋಡ್‌ಗಳನ್ನೂ ಫ್ಯೂಯೆಲ್ ಟ್ರಿಮ್ ಅಂಕಿಗಳನ್ನೂ ನೋಡಿ.

ಡೀಸೆಲ್ ಹೊಗೆ:

ನನ್ನ ಡೀಸೆಲ್ ಗಾಡಿಯೂ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅರ್ಧ ನಿಮಿಷ ಓಡಿ ಆರುತ್ತದೆ. ಇದೂ ಅರ್ಥಿಂಗ್ ಇರಬಹುದೇ?

ಹಳೆ ಸ್ಪ್ಯಾನರ್:

ಇಲ್ಲಿ ಎರಡು ಗಾಡಿ ಒಟ್ಟಿಗೆ ರಿಪೇರಿ ಮಾಡಿದರೆ ಎರಡೂ ಕೆಡುತ್ತವೆ. ಒಂದೇ ಮಾತು ಹೇಳುತ್ತೇನೆ: ರಾತ್ರಿಯಿಡೀ ನಿಂತ ಮೇಲೆ ಮೊದಲ ಅರ್ಧ ನಿಮಿಷದಲ್ಲೇ ಆರುವ ಡೀಸೆಲ್ಲಿನಲ್ಲಿ ಎಲ್ಲೋ ಗಾಳಿ ನುಗ್ಗಿ ಎಣ್ಣೆ ಟ್ಯಾಂಕಿಗೆ ಮರಳುತ್ತಿದೆ. ಕಡಿಮೆ ಒತ್ತಡದ ಕಡೆ, ಫಿಲ್ಟರ್ ಆದ ಮೇಲೆ, ಒಂದು ಗೇಣು ಪಾರದರ್ಶಕ ಕೊಳವೆ ಸೇರಿಸಿ ಗುಳ್ಳೆ ಬರುತ್ತಿದೆಯೇ ನೋಡಿ. ಫಿಲ್ಟರಿನ ಕೆಳಗಿನ ನೀರು ಬಿಡುವ ತಿರುಪು, ರಬ್ಬರ್ ಉಂಗುರ, ಕ್ಲಿಪ್, ಇವೇ ಕಳ್ಳರು.

ನಿಧಾನಗತಿ (ಮರುದಿನ):

ತಂತಿಜಾಲ ಅವರೇ, ಮುಳ್ಳು! ಎಂಜಿನ್ ಓಡುವಾಗ ಅರ್ಧಕ್ಕಿಂತ ಮೇಲೆ. ಕೀ ಮಾತ್ರ ಆನ್ ಇದ್ದಾಗ ಕಾಲು ಟ್ಯಾಂಕಿಗಿಂತ ಚೂರು ಮೇಲೆ. ಇಷ್ಟು ದಿನ ನಾನು ಅದನ್ನು ಹಳೆಯ ಕಾರಿನ ಮರೆವು ಎಂದುಕೊಂಡಿದ್ದೆ.

ಸ್ಕ್ಯಾನರ್ ಕೂಡ ಸಿಕ್ಕಿತು. ಬಾಕಿ ಎಂದು ಒಂದೇ ಕೋಡ್ ಇದೆ: ಪಿ0171. ಫ್ಯೂಯೆಲ್ ಟ್ರಿಮ್ ನೋಡಿದೆ. ನಿಂತಲ್ಲೇ ಚಾಲೂ ಇಟ್ಟಾಗ +4ರ ಸುತ್ತ. ಓಡಿಸುತ್ತಾ, ಅರ್ಧ ಗಂಟೆಯ ನಂತರ, ಪಕ್ಕದಲ್ಲಿ ಕೂತವರು ಓದಿ ಹೇಳಿದ್ದು: ಏರಿನಲ್ಲಿ +19. ಅರ್ಥವೇನು? ಮಲ್ಟಿಮೀಟರ್ ಇದೆ, ಎಲ್ಲಿ ಹಿಡಿಯಬೇಕು?

ತಂತಿಜಾಲ:

ಪಿ0171 ಎಂದರೆ ಮಿಶ್ರಣ ತೆಳುವಾಗಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಆಕ್ಸಿಜನ್ ಸೆನ್ಸರ್ ಕೊಟ್ಟ ದೂರಿನಂತೆ ಇಸಿಯು ಎಷ್ಟು ಶೇಕಡಾ ಹೆಚ್ಚು ಪೆಟ್ರೋಲ್ ಸುರಿಯಬೇಕಾಯಿತು ಎಂಬುದೇ ಟ್ರಿಮ್. ಹತ್ತರೊಳಗೆ ಹಿಂದುಮುಂದಾದರೆ ಚಿಂತೆಯಿಲ್ಲ. ವ್ಯಾಕ್ಯೂಮ್ ಕೊಳವೆ ಒಡೆದಿದ್ದರೆ ನಿಂತಲ್ಲಿ ಟ್ರಿಮ್ ಹೆಚ್ಚಿರುತ್ತದೆ, ಆರ್‌ಪಿಎಂ ಏರಿಸಿದರೆ ಇಳಿಯುತ್ತದೆ, ಏಕೆಂದರೆ ಒಳಗೆ ಹೋಗುವ ಒಟ್ಟು ಗಾಳಿಯಲ್ಲಿ ಕಳ್ಳಗಾಳಿಯ ಪಾಲು ಸಣ್ಣದಾಗುತ್ತದೆ. ನಿಮ್ಮದು ತಿರುಗುಮುರುಗು. ನಿಂತಲ್ಲಿ ಸರಿ, ಪೆಟ್ರೋಲ್ ಹೆಚ್ಚು ಬೇಕಾದಾಗ ಕೊರತೆ.

ಈಗ ಅಳತೆ. ಹಿಂದಿನ ಸೀಟಿನ ಕೂರುವ ಭಾಗ ಎತ್ತಿದರೆ ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಕನೆಕ್ಟರ್ ಕಾಣುತ್ತದೆ. ಅದನ್ನು ಕೀಳಬೇಡಿ, ಹಿಂಬದಿಯಿಂದ ಮೀಟರಿನ ಸೂಜಿ ತೂರಿಸಿ. ಬಾಗಿಲುಗಳೆಲ್ಲ ತೆರೆದಿರಲಿ. ಪೆಟ್ರೋಲ್ ವಾಸನೆ ಇದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ.

ಪಂಪ್ ನಿರಂತರವಾಗಿ ಓಡಬೇಕು. ಕೀ ಆನ್ ಮಾಡಿದರೆ ಎರಡೇ ಸೆಕೆಂಡ್, ಅಷ್ಟರಲ್ಲಿ ಓದಲಾಗದು. ಪಂಪಿನ ರಿಲೇ ಕಿತ್ತು 30 ಮತ್ತು 87 ಎಂಬ ಗುರುತಿನ ಎರಡು ಕಿಂಡಿಗಳನ್ನು 15 ಆಂಪಿಯರ್ ಫ್ಯೂಸ್ ಇರುವ ತಂತಿಯಿಂದ ಕೂಡಿಸಿ. ಯಾವ ಕಿಂಡಿ ಎಂದು ಖಾತ್ರಿಯಿಲ್ಲದಿದ್ದರೆ ಹಾಗೆ ಮಾಡಬೇಡಿ, ಎಂಜಿನ್ ಚಾಲೂ ಇಟ್ಟುಕೊಂಡೇ ಅಳೆಯಿರಿ. ಆಮೇಲೆ ಪಂಪಿನ ಅರ್ಥ್ ತಂತಿಯಿಂದ ಬ್ಯಾಟರಿಯ ಮೈನಸ್ ಕಂಬದವರೆಗೆ ಎಷ್ಟು ವೋಲ್ಟ್ ಬರುತ್ತದೆ ನೋಡಿ. ಮೀಟರಿನ ತಂತಿ ಮುಂದಿನವರೆಗೆ ತಲುಪುವುದಿಲ್ಲ, ಯಾವುದಾದರೂ ಉದ್ದ ತಂತಿ ಸೇರಿಸಿ. ಮೀಟರ್ ಎಳೆಯುವ ಕರೆಂಟ್ ನಗಣ್ಯವಾದ್ದರಿಂದ ತಂತಿ ಎಷ್ಟು ತೆಳುವಾದರೂ ಸರಿ. ಒಳ್ಳೆಯ ಅರ್ಥ್ ಆದರೆ 0.1 ಅಥವಾ 0.2 ವೋಲ್ಟ್. ಹಾಗೆಯೇ ಪಂಪಿನ ಪ್ಲಸ್‌ನಿಂದ ಬ್ಯಾಟರಿಯ ಪ್ಲಸ್‌ಗೂ ಅಳೆಯಿರಿ. ತಣ್ಣಗಿರುವಾಗ ಒಮ್ಮೆ, ಸಾಧ್ಯವಾದರೆ ಅದು ಮುಷ್ಕರ ಹೂಡಿದಾಗ ಇನ್ನೊಮ್ಮೆ.

ನಿಧಾನಗತಿ:

ಆದರೆ ಆ ಅರ್ಥ್ ತಂತಿಯನ್ನು ನಿನ್ನೆಯೇ ಮೀಟರಿನ ಓಮ್ಸ್‌ನಲ್ಲಿ ಇಟ್ಟು ನೋಡಿದ್ದೆ. ಬಾಡಿಗೆ ಹಿಡಿದರೆ ಬೀಪ್ ಎಂದಿತು, ಒಂದು ಓಮ್‌ಗಿಂತ ಕಡಿಮೆ ತೋರಿಸಿತು. ಅರ್ಥಿಂಗ್ ಚೆನ್ನಾಗಿಯೇ ಇದೆ ಅಲ್ಲವೇ?

ತಂತಿಜಾಲ:

ಬೀಪ್ ನಂಬಿ ಕೆಟ್ಟವರನ್ನು ನಾನು ಬಹಳ ನೋಡಿದ್ದೇನೆ, ಅದರಲ್ಲಿ ನಾನೂ ಒಬ್ಬ. ಓಮ್ಸ್ ಅಳೆಯುವಾಗ ಮೀಟರ್ ಹರಿಸುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟ್. ಹೊರಜಿಯಂಥ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ದಾರಿ ಸಾಕು, ಬೀಪ್ ಎನ್ನುತ್ತದೆ. ಪಂಪ್ ಕೇಳುವುದು ಐದಾರು ಆಂಪಿಯರ್. ಕಾಲುಸಂಕದ ಮೇಲೆ ಬೆಕ್ಕು ದಾಟಿತು ಎಂದು ಆನೆ ನಡೆಸುತ್ತೀರಾ? ಲೆಕ್ಕ ಹಾಕಿ: ಒಂದು ಓಮ್‌ಗಿಂತ ಕಡಿಮೆ ಎಂದಿರಿ, ಅದು 0.8 ಇದ್ದರೆ ಐದು ಆಂಪಿಯರ್‌ಗೆ ನಾಲ್ಕು ವೋಲ್ಟ್ ಅಲ್ಲೇ ಹೋಯಿತು. ಆ ನಾಲ್ಕು ವೋಲ್ಟ್ ಎಲ್ಲಿಗೂ ಹೋಗುವುದಿಲ್ಲ, ಅದೇ ಜಾಗವನ್ನು ಇಪ್ಪತ್ತು ವ್ಯಾಟ್‌ನಷ್ಟು ಬಿಸಿ ಮಾಡುತ್ತಾ ಕೂರುತ್ತದೆ. ಬಿಸಿಗೆ ತುಕ್ಕು ಹಿಡಿದ ಸಂದು ಇನ್ನಷ್ಟು ಸಡಿಲವಾಗಿ ತಡೆ ಹೆಚ್ಚುತ್ತದೆ. ನಿಮ್ಮ ಅರ್ಧ ಗಂಟೆಯ ಗುಟ್ಟು ಇದೇ ಇರಬೇಕು. ಗ್ಯಾರೇಜಿನಲ್ಲಿ ನಿಲ್ಲದಿರುವುದೂ ಇದಕ್ಕೇ ಇರಬಹುದು, ನಿಂತಲ್ಲೇ ಓಡುವ ಎಂಜಿನ್ನಿಗೆ ಬೇಕಾದ ಪೆಟ್ರೋಲ್ ಎಷ್ಟೆಂದೀರಿ?

ನಿಧಾನಗತಿ (ಮೂರು ದಿನಗಳ ನಂತರ):

ಅಳೆದೆ. ತಣ್ಣಗಿದ್ದಾಗ ಅರ್ಥ್ ಕಡೆ 1.9 ವೋಲ್ಟ್. ಇವತ್ತು ನಿಂತಾಗ ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಇನ್ನೊಬ್ಬರನ್ನು ಬ್ಯಾಟರಿಯ ಹತ್ತಿರ ತಂತಿ ಹಿಡಿದು ನಿಲ್ಲಿಸಿ ಅಳೆದಾಗ 5.2 ವೋಲ್ಟ್! ಪ್ಲಸ್ ಕಡೆ 0.3 ಮಾತ್ರ. ಬ್ಯಾಟರಿಯಲ್ಲಿ 12.3 ಇತ್ತು. ಅಂದರೆ ಪಂಪಿಗೆ ಸಿಗುತ್ತಿದ್ದದ್ದು 6.8.

ತಂತಿಯ ಜಾಡು ಹಿಡಿದು ಹೋದೆ. ಅದು ನೆಲಹಾಸಿನ ಕೆಳಗೆ, ಹಿಂದಿನ ಬಾಗಿಲಿನ ಹೊಸ್ತಿಲ ಬಳಿ, ಒಂದು 10 ಮಿ.ಮೀ. ಬೋಲ್ಟಿನಲ್ಲಿ ಮುಗಿಯುತ್ತದೆ. ನೆಲಹಾಸು ಎತ್ತಿದರೆ ತೇವ. ಬಾಗಿಲಿನ ರಬ್ಬರ್ ಕೆಳಮೂಲೆಯಲ್ಲಿ ಹರಿದಿದೆ, ಕಾರು ತೊಳೆದಾಗಲೆಲ್ಲ ನೀರು ಒಳಗೆ ಇಳಿಯುತ್ತಿತ್ತು ಎಂದು ಕಾಣುತ್ತದೆ. ಬೋಲ್ಟಿನ ಮೇಲೆ ಹಸಿರುಮಿಶ್ರಿತ ಬಿಳಿ ಹಿಟ್ಟು ಕಟ್ಟಿಕೊಂಡಿತ್ತು. ಮೂರು ತಂತಿಗಳ ಉಂಗುರಗಳು ಒಂದರ ಮೇಲೊಂದು, ನಡುವಿನದು ಪಂಪಿನದು. ಅದರ ಪ್ಲಾಸ್ಟಿಕ್ ತೋಳು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿದೆ. ಮುಟ್ಟಿದರೆ ಸುಟ್ಟಿತು.

ಹಳೆ ಸ್ಪ್ಯಾನರ್:

ಸುಟ್ಟಿತು ಎಂದಿರಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಬ್ಯಾಟರಿಯ ಮೈನಸ್ ಬಿಚ್ಚಿ, ಬೋಲ್ಟ್ ತೆಗೆದು, ಬಾಡಿಯ ತಗಡು ಕನ್ನಡಿಯಂತೆ ಹೊಳೆಯುವವರೆಗೆ ಉಪ್ಪು ಕಾಗದದಲ್ಲಿ ಉಜ್ಜಿ. ಬಣ್ಣದ ಮೇಲೆ ಕೂತ ಉಂಗುರ ಅರ್ಥ್ ಅಲ್ಲ, ಅಲಂಕಾರ. ಕಂದಾದ ಉಂಗುರವನ್ನು ಉಜ್ಜಿ ಉಳಿಸಲು ಹೋಗಬೇಡಿ, ತಂತಿ ಹೊಳೆಯುವ ಜಾಗದವರೆಗೆ ಕತ್ತರಿಸಿ ಹೊಸದನ್ನು ಒತ್ತಿ ಕೂರಿಸಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಹಚ್ಚಿ. ರಬ್ಬರ್ ಬದಲಾಯಿಸದಿದ್ದರೆ ಮುಂದಿನ ವರ್ಷ ಮತ್ತೆ ಇಲ್ಲಿಗೇ ಬರುತ್ತೀರಿ.

ನಿಧಾನಗತಿ:

ಎಲ್ಲ ಮಾಡಿದೆ. ಈಗ ಅರ್ಥ್ ಕಡೆ 0.08 ವೋಲ್ಟ್. ಪಂಪಿನ ಸದ್ದೇ ಬೇರೆಯಾಗಿದೆ, ಮೊದಲು ಇದ್ದದ್ದು ಗೊಣಗಾಟ ಎಂದು ಈಗ ತಿಳಿಯಿತು. ಎರಡು ಗಂಟೆ ಏರಿಳಿತದ ದಾರಿಯಲ್ಲಿ ಓಡಿಸಿದೆ, ಟ್ರಿಮ್ +5 ದಾಟಲಿಲ್ಲ.

ಎರಡನೇ ಗೇರ್:

ಪಂಪ್ ಬದಲಾಯಿಸಿದ್ದರೂ ಸರಿಹೋಗುತ್ತಿತ್ತೇನೋ?

ತಂತಿಜಾಲ:

ಕೆಲವು ದಿನ ಸರಿಹೋದಂತೆ ಕಾಣಬಹುದಿತ್ತು, ಅದೇ ಅಪಾಯ. ಹೊಸ ಪಂಪ್ ಕಡಿಮೆ ವೋಲ್ಟಿಗೂ ಹೇಗೋ ಏಗುತ್ತದೆ. ಆಮೇಲೆ ಅದೂ ಸೋಲುತ್ತದೆ, ಬೈಗುಳ ಪಂಪ್ ಮಾಡಿದವರಿಗೆ.

ಹಿಂದಿನ ಸೀಟು:

ನನ್ನದು ಬೇರೆ ಥರ. ಪೆಟ್ರೋಲ್ ತುಂಬಿಸಿ ಹೊರಟ ಕೂಡಲೇ ಒಂದೆರಡು ಸಲ ಆರುತ್ತದೆ, ಆಮೇಲೆ ಮುಂದಿನ ಸಲ ತುಂಬಿಸುವವರೆಗೆ ಏನೂ ಇಲ್ಲ.

ಹಳೆ ಸ್ಪ್ಯಾನರ್:

ಹೇಗೆ ಮತ್ತು ಯಾವಾಗ ಎಂದು ಹೇಳಿದರೆ ನೋಡಿ ಎಷ್ಟು ಬೇಗ ಕೆಲಸ ಆಗುತ್ತದೆ! ಪರ್ಜ್ ವಾಲ್ವ್ ನೋಡಿ. ಟ್ಯಾಂಕಿನ ಪೆಟ್ರೋಲ್ ಆವಿ ಇದ್ದಿಲಿನ ಡಬ್ಬಿಯಲ್ಲಿ ಸಂಗ್ರಹವಾಗುತ್ತದೆ, ಇಸಿಯು ಅಪ್ಪಣೆ ಕೊಟ್ಟಾಗ ಮಾತ್ರ ಆ ವಾಲ್ವ್ ತೆರೆದು ಎಂಜಿನ್ನಿಗೆ ಬಿಡುತ್ತದೆ. ತೆರೆದೇ ಸಿಕ್ಕಿಕೊಂಡಿದ್ದರೆ, ಆಗಷ್ಟೇ ತುಂಬಿಸಿದ ಟ್ಯಾಂಕಿನ ದಟ್ಟ ಆವಿ ಅಪ್ಪಣೆಯಿಲ್ಲದೆ ನುಗ್ಗಿ ಎಂಜಿನ್ ಮುಗ್ಗರಿಸುತ್ತದೆ. ವಾಲ್ವ್ ಕೈಗೆ ತೆಗೆದುಕೊಂಡು, ಕರೆಂಟ್ ಇಲ್ಲದಿರುವಾಗ, ಅದಕ್ಕೆ ಒಂದು ಶುಭ್ರ ಕೊಳವೆ ಸಿಕ್ಕಿಸಿ ಗಾಳಿ ಊದಿ ನೋಡಿ. ಗಾಳಿ ದಾಟಬಾರದು. ಪೆಟ್ರೋಲ್ ತುಂಬುವ ನಳಿಕೆ ತಾನಾಗಿ ನಿಂತ ಮೇಲೂ ಮೇಲಿಂದ ಮೇಲೆ ಒತ್ತಿ ತುಂಬಿಸುವ ಅಭ್ಯಾಸವಿದ್ದರೆ ಬಿಡಿ, ಪೆಟ್ರೋಲ್ ಆ ಡಬ್ಬಿಗೆ ಇಳಿದು ಇದ್ದಿಲನ್ನೇ ಕೆಡಿಸುತ್ತದೆ.

ನಿಧಾನಗತಿ (ಒಂದು ವಾರದ ನಂತರ):

ಮತ್ತೆ ನಿಂತಿತು. ಆದರೆ ಈ ಸಲ ನಾನೇ ಸರಿಯಾಗಿ ವರದಿ ಕೊಡುತ್ತೇನೆ. ಓಡುವಾಗ ಅಲ್ಲ. ಬ್ರೇಕ್ ಒತ್ತಿ, ಕ್ಲಚ್ ಒತ್ತಿ, ಇನ್ನೇನು ನಿಲ್ಲಬೇಕು ಎನ್ನುವಾಗ ಆರ್‌ಪಿಎಂ 400ಕ್ಕೆ ಜಾರಿ, ನಡುಗಿ, ಆರುತ್ತದೆ. ತಕ್ಷಣ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಕಾಯಬೇಕಿಲ್ಲ. ಬಿಸಿ, ತಣ್ಣಗೆ ಎಂಬ ಭೇದವಿಲ್ಲ. ಅರ್ಥ್ ಮತ್ತೆ ಅಳೆದೆ, 0.08 ಹಾಗೆಯೇ ಇದೆ. ಪಂಪ್ ಸದ್ದು ಸ್ಪಷ್ಟ. ಅಂದರೆ ಇದು ಗಾಳಿಯ ಕಡೆಯ ಬೇರೆ ದೋಷ ಎಂದು ನನ್ನ ಅನುಮಾನ. ಇದು ಶುರುವಾದದ್ದು ನಾನು ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ.

ಹಳೆ ಸ್ಪ್ಯಾನರ್:

ಪರವಾಗಿಲ್ಲ, ಈಗ ನೀವು ಹೇಳುತ್ತೀರಿ, ನಾವು ಕೇಳುತ್ತೇವೆ. ವರ್ಷಗಟ್ಟಲೆ ಥ್ರಾಟಲ್ ತಟ್ಟೆಯ ಅಂಚಿಗೆ ಮಸಿ ಕಟ್ಟುತ್ತಾ ಬರುತ್ತದೆ. ಅದಕ್ಕೆ ತಕ್ಕಂತೆ ಇಸಿಯು ತಟ್ಟೆಯನ್ನು ಚೂರುಚೂರೇ ಹೆಚ್ಚು ತೆರೆದು ಐಡಲ್ ಕಾಪಾಡಿಕೊಂಡು ಬಂದಿರುತ್ತದೆ. ಬ್ಯಾಟರಿ ಬಿಚ್ಚಿದಾಗ ಆ ಕಲಿತ ಪಾಠ ಮರೆತುಹೋಯಿತು. ಹೊಸ ಕಾರಿನ ಲೆಕ್ಕದಲ್ಲಿ ತೆರೆಯುತ್ತದೆ, ಮಸಿ ಇರುವುದರಿಂದ ಗಾಳಿ ಸಾಲುವುದಿಲ್ಲ. ಹಿಂದೆ ಹೊಸ ಬ್ಯಾಟರಿ ಹಾಕಿದಾಗಲೂ ಹೀಗಾಗಿರಬೇಕು, ದೊಡ್ಡ ಕಾಟದ ನಡುವೆ ನೀವು ಗಮನಿಸಿರುವುದಿಲ್ಲ.

ಥ್ರಾಟಲ್ ಬಾಡಿಯನ್ನು ಅದಕ್ಕೆಂದೇ ಬರುವ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಕೀ ಆನ್ ಇರುವಾಗ ಎಲೆಕ್ಟ್ರಾನಿಕ್ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ, ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಸವೆಯುತ್ತವೆ, ಬೆರಳೂ ಸಿಕ್ಕಿಕೊಳ್ಳಬಹುದು. ಪಕ್ಕದಲ್ಲಿ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಈ ಕ್ಲೀನರನ್ನು ಅದಕ್ಕೆ ಸೋಕಿಸಬೇಡಿ, ಅದರ ತಂತಿ ಜೇಡರ ಎಳೆಯಷ್ಟು ಸೂಕ್ಷ್ಮ. ಆಮೇಲೆ ನಿಮ್ಮ ಕಾರಿನ ಕೈಪಿಡಿಯಲ್ಲಿ ಐಡಲ್ ಮತ್ತೆ ಕಲಿಸುವ ಕ್ರಮ ಇದ್ದರೆ ಅದನ್ನು ಮಾಡಿ. ಒರೆಸಿದ ಮೇಲೆ ಸ್ವಲ್ಪ ಹೊತ್ತು ಐಡಲ್ ಎತ್ತರ ಇದ್ದರೆ ಹೆದರಬೇಡಿ.

ನಿಧಾನಗತಿ:

ಒರೆಸಿದೆ. ಬಿಳಿ ಬಟ್ಟೆ ಕಾಡಿಗೆಯಂತಾಯಿತು. ಮೊದಲು ಐಡಲ್ 1,500ಕ್ಕೆ ಏರಿ ಕೂತು ಎದೆ ಧಸಕ್ಕೆಂದಿತು. ಮರುದಿನದ ಹೊತ್ತಿಗೆ 750ಕ್ಕೆ ಇಳಿದು ಅಲ್ಲೇ ನಿಂತಿದೆ. ಹದಿನೈದು ದಿನವಾಯಿತು, ಒಂದು ಸಲವೂ ಆರಿಲ್ಲ. ಪೆಟ್ರೋಲ್ ಮುಳ್ಳು ಈಗ ಓಡುವಾಗಲೂ ನಿಂತಾಗಲೂ ಒಂದೇ ಮಾತು ಹೇಳುತ್ತದೆ. ಹಳೆಯ ಬ್ಯಾಟರಿ ಇನ್ನೂ ಮೂಲೆಯಲ್ಲಿದೆ, ನಿನ್ನೆ ಅಳೆದರೆ 12.6 ವೋಲ್ಟ್. ಅದರ ಮುಖ ನೋಡಲು ಸಂಕೋಚವಾಗುತ್ತಿದೆ.

ಎರಡನೇ ಗೇರ್:

ಒಂದು ಪ್ರಶ್ನೆ, ಯಾರೂ ನಗಬಾರದು. ಕ್ರ್ಯಾಂಕ್ ಸೆನ್ಸರ್ ಹಾಕಿ ಮುಗಿಯಿತು ಎಂದು ಮೇಲೆ ಬರೆದಿದ್ದೆ. ನಿಜ ಹೇಳಬೇಕೆಂದರೆ ಅದಾದ ಮೇಲೂ ತಿಂಗಳಿಗೆ ಒಂದೆರಡು ಸಲ ನಿಂತಿದೆ. ನಿನ್ನೆ ನಿಂತಾಗ ಗೇರಿನಲ್ಲೇ ಬಿಟ್ಟು ಆರ್‌ಪಿಎಂ ನೋಡಿದೆ, ಸೊನ್ನೆಗೆ ಬೀಳಲಿಲ್ಲ. ಪಂಪ್ ಸದ್ದು ಬಂತು. ಜಗ್ಗಲಿಲ್ಲ, ಒಂದೇ ಏಟಿಗೆ ಆರಿತು. ಕೀಗೊಂಚಲು ಭಾರ ಇದೆ, ಮೊಣಕಾಲು ತಗಲಿತ್ತೇನೋ ಎಂದು ಅನುಮಾನ. ಕೀಯನ್ನು ಆನ್ ಜಾಗದಲ್ಲೇ ಸ್ವಲ್ಪ ಅಲುಗಾಡಿಸಿದರೆ ಡ್ಯಾಷ್‌ಬೋರ್ಡ್ ದೀಪಗಳು ಮಿಟುಕುತ್ತವೆ. ಇಗ್ನಿಷನ್ ಸ್ವಿಚ್ಚಿನ ವೋಲ್ಟ್ ಎಲ್ಲಿ ಅಳೆಯಬೇಕು?